ಹನ್ನೆರಡನೆಯ ತರಗತಿಯ ಮಗ ಬರೆದಿಟ್ಟ ಉಯಿಲು: ಹೆದರಬೇಕೆ, ತಿದ್ದಬೇಕೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಹನ್ನೆರಡನೆಯ ತರಗತಿಯಲ್ಲಿದ್ದಾನೆ, ಜೂನ್‌ಗೆ ಶಾಲೆ ಮುಗಿಯುತ್ತದೆ. ಮೊನ್ನೆ ಅವನ ಮೇಜಿನ ಮೇಲೆ ‘ನನ್ನ ಕೊನೆಯ ಉಯಿಲು’ ಎಂಬ ತಲೆಬರಹದ ಹಾಳೆಯನ್ನು ಕಂಡು ಎದೆ ಝಲ್ಲೆಂದಿತು. ‘ಬಿಡ್ತು ಅನ್ನು’ ಎಂದು ಗದರಿದೆ. ಅವನು ನಕ್ಕು, ‘ಅಮ್ಮಾ, ಇದು ಸೀನಿಯರ್ ವಿಲ್, ಎಲ್ಲರೂ ಬರೆಯುತ್ತಾರೆ, ಶಾಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ’ ಎಂದ. ಅದರಲ್ಲಿ, ಮೊದಲ ಪೀರಿಯಡ್‌ಗೆ ತಡವಾಗಿ ಬಂದರೂ ಸಿಕ್ಕಿಬೀಳದಿರುವ ವಿದ್ಯೆಯನ್ನು ಹನ್ನೊಂದನೆಯ ತರಗತಿಯ ಗೆಳೆಯನಿಗೂ, ತನ್ನ ದೊಡ್ಡ ಗಂಟಲನ್ನು ಮಾತೇ ಆಡದ ಒಬ್ಬ ಹುಡುಗಿಗೂ, ತನ್ನ ಡಿಯೋಡರೆಂಟ್ ಡಬ್ಬಿಯನ್ನು ಇನ್ನೊಬ್ಬ ಭಾರತೀಯ ಹುಡುಗನಿಗೂ ಬಿಟ್ಟುಹೋಗುವುದಾಗಿ ಬರೆದಿದ್ದಾನೆ. ಬ್ಯಾಂಡ್‌ನಲ್ಲಿ ಟ್ರಂಪೆಟ್ಟಿನ ಸದ್ದು ತಗ್ಗಿಸಲು ಬಳಸುತ್ತಿದ್ದ ಹಳೆಯ ಮ್ಯೂಟ್ ಒಂದನ್ನು ಕಿರಿಯನೊಬ್ಬನಿಗೆ ನಿಜವಾಗಿಯೇ ಕೊಡುತ್ತಾನಂತೆ. ಅದು ನೆಗ್ಗಿಹೋಗಿದೆ, ಹೊಸದು ತಂದುಕೊಡೋಣವೆಂದರೆ ಒಪ್ಪುತ್ತಿಲ್ಲ. ಇದೆಂಥ ಪದ್ಧತಿ? ನಾನು ಅಡ್ಡ ಬರಬೇಕೆ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಇದು ಅಮೆರಿಕದ ಹೈಸ್ಕೂಲುಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಬೀಳ್ಕೊಡುಗೆಯ ಪದ್ಧತಿ. ಅಪಶಕುನವೆಂದು ಹೆದರಬೇಕಾಗಿಲ್ಲ, ಪೂರ್ತಿ ತಡೆಯಬೇಕಾಗಿಯೂ ಇಲ್ಲ. ಆದರೆ ನೀವು ಬರೆದಿರುವ ಮೂರು ಸಾಲುಗಳಲ್ಲಿ ಒಂದು ಅಚ್ಚಿಗೆ ಹೋಗಲೇಬಾರದು, ಇನ್ನೊಂದನ್ನು ತಿದ್ದಬೇಕು. ಮ್ಯೂಟ್ ವಿಷಯದಲ್ಲಿ ಮಗನ ಮಾತೇ ಸರಿ. ಇದಕ್ಕೆ ಕಾರಣ ತಿಳಿಯಬೇಕಾದರೆ ಈ ಪದ್ಧತಿ ಎಲ್ಲಿಂದ ಬಂತು, ಅದರಲ್ಲಿ ನಗು ಹುಟ್ಟುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅಮೆರಿಕದ ಹೈಸ್ಕೂಲು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳದ್ದು, ಕೊನೆಯ ವರ್ಷದವರೇ ಸೀನಿಯರ್‌ಗಳು. ಮೇ ಅಥವಾ ಜೂನ್‌ನಲ್ಲಿ ಪದವಿ ಪ್ರದಾನ ನಡೆಯುವ ಮುನ್ನ, ವಿದ್ಯಾರ್ಥಿ ಪತ್ರಿಕೆಯ ಕೊನೆಯ ಸಂಚಿಕೆಯಲ್ಲೋ, ವರ್ಷದ ನೆನಪಿಗಾಗಿ ಶಾಲೆ ಹೊರತರುವ ಇಯರ್‌ಬುಕ್ಕಿನಲ್ಲೋ, ಬ್ಯಾಂಡು, ನಾಟಕ, ಈಜು ಮುಂತಾದ ತಂಡಗಳ ವರ್ಷಾಂತ್ಯದ ಊಟದ ಕೂಟದಲ್ಲೋ ಸೀನಿಯರ್‌ಗಳು ತಮ್ಮ ‘ಆಸ್ತಿ’ಯನ್ನು ಕಿರಿಯರಿಗೂ ಸಹಪಾಠಿಗಳಿಗೂ ಹಂಚುವ ಸಾಲುಗಳನ್ನು ಬರೆಯುತ್ತಾರೆ ಅಥವಾ ಓದುತ್ತಾರೆ. ಆ ಆಸ್ತಿ ಬಹುಪಾಲು ಕೈಗೆ ಸಿಗುವಂಥದ್ದಲ್ಲ: ಒಬ್ಬನ ಸೋಮಾರಿತನ, ಒಬ್ಬಳ ಕೆಟ್ಟ ಕೈಬರಹ, ಕ್ಯಾಂಟೀನಿನ ಮೂಲೆಯ ಮೇಜು, ಪ್ರಯೋಗಾಲಯದಲ್ಲಿ ಗಾಜು ಒಡೆಯುವ ಚಾಕಚಕ್ಯತೆ. ಬರವಣಿಗೆಯ ಧಾಟಿ ಮಾತ್ರ ಅಪ್ಪಟ ಕಾನೂನಿನದು. ನಮ್ಮ ಊರಿನ ಉಯಿಲುಗಳಲ್ಲಿ ‘ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತಕ್ಕೂ ಒಳಗಾಗದೆ, ಸ್ವಇಚ್ಛೆಯಿಂದ ಬರೆಸಿದ ಮರಣಶಾಸನ’ ಎಂದು ಬರುತ್ತದಲ್ಲ, ಹಾಗೆಯೇ ಈ ಮಕ್ಕಳೂ ತಾವು ಸ್ವಸ್ಥಚಿತ್ತರೆಂದು ಘೋಷಿಸಿಕೊಂಡು ಆರಂಭಿಸುತ್ತಾರೆ. ಭಾರತದ 1925ರ ಉತ್ತರಾಧಿಕಾರ ಕಾಯ್ದೆಯ 59ನೆಯ ಕಲಮು ಉಯಿಲು ಬರೆಯುವವರು ಅಪ್ರಾಪ್ತರಾಗಿರಬಾರದು, ಸ್ವಸ್ಥಚಿತ್ತರಾಗಿರಬೇಕು ಎನ್ನುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿಯೂ ಅದಕ್ಕೆ ಹದಿನೆಂಟು ತುಂಬಿರಬೇಕು. ಹದಿನೇಳರ ಹುಡುಗರು ಅಷ್ಟು ಗಂಭೀರವಾದ ಭಾಷೆಯಲ್ಲಿ ತಮ್ಮ ನಿದ್ದೆಗಣ್ಣನ್ನು ಪರರಿಗೆ ವಹಿಸಿಕೊಡುತ್ತಾರೆ ಎಂಬುದರಲ್ಲಿಯೇ ತಮಾಷೆಯ ಅರ್ಧ ಭಾಗವಿದೆ.

ಸಾವಿನ ಮಾತಿನ ಬಗ್ಗೆ ನಿಮಗಾದ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಲ್ಲಿ ‘ಸಾಯುವುದು’ ಆ ವರ್ಷದ ತಂಡ, ಹೈಸ್ಕೂಲಿನ ವಿದ್ಯಾರ್ಥಿ ಎಂಬ ಸ್ಥಾನ, ಹುಡುಗರಲ್ಲ. ಆದರೂ ತಾಯಿಯೊಬ್ಬರು ತಿಳಿದಿರಬೇಕಾದ ಮಾತೊಂದಿದೆ. ಹರೆಯದ ಮಕ್ಕಳು ತಮಗೆ ತುಂಬ ಪ್ರಿಯವಾದ ವಸ್ತುಗಳನ್ನು ಕಾರಣವಿಲ್ಲದೆ ಒಂದೊಂದಾಗಿ ಕೊಟ್ಟುಬಿಡುವುದು, ಗೆಳೆಯರಿಂದ ದೂರ ಸರಿಯುವುದು, ನಿದ್ದೆ ಊಟ ಬಿಡುವುದು, ಮುಂದಿನ ದಿನಗಳ ಮಾತೇ ಎತ್ತದಿರುವುದು ಆತ್ಮಹತ್ಯೆಯ ಯೋಚನೆಯ ಎಚ್ಚರಿಕೆಯ ಲಕ್ಷಣಗಳೆಂದು ಮನೋವೈದ್ಯರು ಗುರುತಿಸುತ್ತಾರೆ. ಸೀನಿಯರ್ ವಿಲ್ ಇದಕ್ಕೆ ತದ್ವಿರುದ್ಧ. ಅದು ಗುಟ್ಟಿನದಲ್ಲ, ಇಡೀ ತರಗತಿ ಒಟ್ಟಾಗಿ ಬರೆಯುವಂಥದ್ದು, ಕಾಲೇಜಿಗೆ ಹೊರಡುವ ಸಡಗರದ ಭಾಗವಾದದ್ದು. ನಿಮ್ಮ ಮಗ ನಗುತ್ತ ವಿವರಿಸಿದ್ದಾನೆ, ಶಾಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆಂದೂ ಹೇಳಿದ್ದಾನೆ. ಇದರಲ್ಲಿ ಆತಂಕಪಡುವಂಥದ್ದೇನೂ ಕಾಣುವುದಿಲ್ಲ. ಆದರೆ ಯಾವ ಮನೆಯಲ್ಲಾದರೂ ಮೇಲೆ ಹೇಳಿದ ಲಕ್ಷಣಗಳು ಕಂಡರೆ ಸಂಕೋಚಪಡದೆ ಮಗುವನ್ನು ನೇರವಾಗಿ ಕೇಳಬೇಕು. ಅಮೆರಿಕದಲ್ಲಿ 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳುಹಿಸಬಹುದು.

ಈಗ ಮೂಲಕ್ಕೆ ಬರೋಣ. ತಮಾಷೆಯ ಉಯಿಲು ಅಮೆರಿಕದ ಮಕ್ಕಳು ಕಂಡುಹಿಡಿದದ್ದಲ್ಲ, ಅದಕ್ಕೂ ಶಾಲೆಗೂ ಬಹಳ ಹಳೆಯ ನಂಟಿದೆ. ರೋಮನ್ ಸಾಮ್ರಾಜ್ಯದ ಕೊನೆಗಾಲದಲ್ಲಿ, ಕ್ರಿಸ್ತಶಕ ನಾಲ್ಕನೆಯ ಶತಮಾನದ ಹೊತ್ತಿಗೆ, ಲ್ಯಾಟಿನ್ ಭಾಷೆಯಲ್ಲಿ ‘ಹಂದಿಮರಿಯ ಉಯಿಲು’ ಎಂಬ ಪುಟ್ಟ ಬರಹವೊಂದು ಪ್ರಚಾರದಲ್ಲಿತ್ತು. ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮ್, ಶಾಲೆಗಳಲ್ಲಿ ಹುಡುಗರ ಹಿಂಡು ಇದನ್ನು ಹೇಳಿಕೊಂಡು ಕೇಕೆ ಹಾಕಿ ನಗುತ್ತದೆ ಎಂದು ಬೇಸರದಿಂದ ಬರೆದಿದ್ದಾನೆ. ಗ್ರುನ್ನಿಯಸ್ ಕೊರೊಕೊಟ್ಟಾ ಎಂಬ ಹಂದಿಮರಿಯನ್ನು ಅಡುಗೆಯವನು ಕೊಯ್ಯಲು ಬರುತ್ತಾನೆ. ಅದು ಒಂದು ಗಂಟೆಯ ಕಾಲಾವಕಾಶ ಬೇಡಿಕೊಂಡು ಉಯಿಲು ಬರೆಸುತ್ತದೆ. ‘ನನ್ನ ಕೈಯಿಂದಲೇ ಬರೆಯಲು ಆಗದ ಕಾರಣ ಹೇಳಿ ಬರೆಸಿದ್ದೇನೆ’ ಎಂಬ ಕಾನೂನಿನ ಒಕ್ಕಣೆಯೂ ಅದರಲ್ಲಿದೆ. ಅಪ್ಪನಿಗೆ ಓಕ್ ಮರದ ಕಾಯಿ, ಅಮ್ಮನಿಗೆ ಗೋಧಿ, ತಂಗಿಗೆ ಬಾರ್ಲಿ ಬಿಟ್ಟ ಮೇಲೆ ಅದು ತನ್ನ ದೇಹವನ್ನೇ ಹಂಚತೊಡಗುತ್ತದೆ: ಚಮ್ಮಾರರಿಗೆ ಬಿರುಗೂದಲು, ಕಿವುಡರಿಗೆ ಕಿವಿ, ವಕೀಲರಿಗೂ ವಾಚಾಳಿಗಳಿಗೂ ನಾಲಿಗೆ, ಓಟಗಾರರಿಗೆ ಹಿಮ್ಮಡಿ, ಆಟವಾಡುವ ಹುಡುಗರಿಗೆ ಊದಿ ಚೆಂಡು ಮಾಡಿಕೊಳ್ಳಬಹುದಾದ ಮೂತ್ರಕೋಶ. ರೋಮನ್ ಕಾನೂನಿನಂತೆ ಏಳು ಜನ ಸಾಕ್ಷಿಗಳ ರುಜುವೂ ಉಂಟು, ಅವರಲ್ಲಿ ಹಲವರ ಹೆಸರುಗಳು ಕೊಬ್ಬು, ಜೀರಿಗೆ, ಸಾಸೇಜುಗಳನ್ನು ನೆನಪಿಸುವಂಥವು.

ಈ ಬರಹವನ್ನು ನಿಧಾನವಾಗಿ ನೋಡಿದರೆ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ. ಹಂದಿಮರಿ ಕೊಡುವುದೆಲ್ಲ ತನ್ನದೇ. ಪಡೆಯುವವರಿಗೆ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ವಕೀಲರ ಮೇಲೆ ಒಂದು ಚುಚ್ಚು ಇದ್ದರೂ ಅದು ಇಡೀ ವೃತ್ತಿಯ ಮೇಲಿನದು, ಒಬ್ಬ ವ್ಯಕ್ತಿಯ ಮೇಲಿನದಲ್ಲ. ನಗುವ ಹುಡುಗರಿಗೂ ಅದರಲ್ಲಿ ಪಾಲಿದೆ.

ಸಾವಿರ ವರ್ಷದ ಮೇಲೆ, 1456ರ ಕ್ರಿಸ್‌ಮಸ್ ಹೊತ್ತಿಗೆ, ಪ್ಯಾರಿಸ್ಸಿನ ಕವಿ ಫ್ರಾನ್ಸ್ವಾ ವಿಯೋನ್ ಊರು ಬಿಡುವ ಮುನ್ನ ಇಂಥದೇ ಒಂದು ದಾನಪತ್ರವನ್ನು ಪದ್ಯದಲ್ಲಿ ಬರೆದ. ಅದರ ಆರಂಭದಲ್ಲಿ ಅವನು ತನ್ನನ್ನು ವಿದ್ಯಾರ್ಥಿಯೆಂದೇ ಕರೆದುಕೊಳ್ಳುತ್ತಾನೆ. ನಾವಾರ್ ಕಾಲೇಜಿನಲ್ಲಿ ಆ ದಿನಗಳಲ್ಲಿಯೇ ನಡೆದ ಕಳ್ಳತನವೊಂದರಲ್ಲಿ ಅವನ ಕೈಯಿತ್ತು, ಅವನು ಊರು ಬಿಟ್ಟದ್ದಕ್ಕೆ ಅದೂ ಕಾರಣ. ಕ್ಷೌರಿಕನಿಗೆ ತನ್ನ ಕತ್ತರಿಸಿದ ಕೂದಲು, ಚಪ್ಪಲಿ ಹೊಲಿಯುವವನಿಗೆ ತನ್ನ ಹಳೆಯ ಬೂಟು, ಹಳೆ ಬಟ್ಟೆ ಮಾರುವವನಿಗೆ ತಾನು ಬಿಸಾಡುವ ಹೊತ್ತಿಗೆ ಹೇಗಿರುತ್ತವೋ ಹಾಗೆಯೇ ತನ್ನ ಬಟ್ಟೆಗಳು, ಹೀಗೆ ಸಾಗುತ್ತದೆ ಪಟ್ಟಿ. ಅವನ ಕೈ ಮೃದುವಾದುದಲ್ಲ. ಬಟ್ಟೆಯಿಲ್ಲದ ಮೂವರು ಅನಾಥ ಕಂದಮ್ಮಗಳಿಗೆ ಮರುಗಿ ಏನೋ ಬಿಡುತ್ತಾನೆ. ನಿಜದಲ್ಲಿ ಅವರು ಊರಿನವರೆಲ್ಲ ಬಲ್ಲ ಮುದಿ ಬಡ್ಡಿ ವ್ಯಾಪಾರಿಗಳು. ಆದರೆ ಅವನು ಕುಟುಕಿದ್ದು ತನಗಿಂತ ಬಲಶಾಲಿಗಳಾದವರನ್ನು, ಅದೂ ತನ್ನ ಹೆಸರನ್ನು ಮೊದಲ ಸಾಲುಗಳಲ್ಲಿಯೇ ಹೇಳಿಕೊಂಡು. ಈ ಎರಡು ಅಂಶಗಳನ್ನು ನೆನಪಿಡಿ. ಡಿಯೋಡರೆಂಟ್ ಡಬ್ಬಿಯ ಪ್ರಶ್ನೆ ಇತ್ಯರ್ಥವಾಗುವುದು ಇಲ್ಲಿಯೇ.

ಅಮೆರಿಕಕ್ಕೆ ಬಂದರೆ, ಹಾರ್ವರ್ಡ್, ಯೇಲ್‌ನಂಥ ಹಳೆಯ ಕಾಲೇಜುಗಳಲ್ಲಿ ಪದವಿ ಪ್ರದಾನಕ್ಕೆ ಮುನ್ನ ‘ಕ್ಲಾಸ್ ಡೇ’ ಎಂಬ ದಿನವನ್ನು ವಿದ್ಯಾರ್ಥಿಗಳೇ ನಡೆಸಿಕೊಳ್ಳುವ ರೂಢಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿ ಬೇರೂರಿತ್ತು. ತರಗತಿಯ ಕವಿ ಪದ್ಯ ಓದುತ್ತಿದ್ದ, ಇನ್ನೊಬ್ಬ ತರಗತಿಯ ಚರಿತ್ರೆ ಹೇಳುತ್ತಿದ್ದ, ಗೋಡೆಯ ಬುಡದಲ್ಲಿ ಬಳ್ಳಿ ನೆಡುತ್ತಿದ್ದರು. ಹೈಸ್ಕೂಲುಗಳು ಇದನ್ನು ನೋಡಿ ಕಲಿತವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಇಯರ್‌ಬುಕ್ಕುಗಳನ್ನು ತೆರೆದರೆ ತರಗತಿಯ ಚರಿತ್ರೆ, ತರಗತಿಯ ಭವಿಷ್ಯವಾಣಿ, ತರಗತಿಯ ಉಯಿಲು ಎಂಬ ಮೂರು ಒಂದರ ಪಕ್ಕ ಒಂದು ಕಾಣಿಸುತ್ತವೆ. ಆಗಿನ ಉಯಿಲುಗಳು ಹೆಚ್ಚಾಗಿ ಇಡೀ ತರಗತಿಯ ಹೆಸರಿನಲ್ಲಿ ಇರುತ್ತಿದ್ದವು: ನಮ್ಮ ಗಾಂಭೀರ್ಯವನ್ನು ಜೂನಿಯರ್‌ಗಳಿಗೆ, ಸಭಾಂಗಣದ ನಮ್ಮ ಆಸನಗಳನ್ನು ಅವರ ಹಿಂದಿನವರಿಗೆ ಎಂಬ ರೀತಿಯಲ್ಲಿ. ವ್ಯಕ್ತಿಗತ ಸಾಲುಗಳು ಅವುಗಳ ಹಿಂದೆ ಬರುತ್ತಿದ್ದವು, ಮುಂದೆ ಅವೇ ಮುಖ್ಯವಾದವು.

ಸಾಲುಗಳು ಖಾಸಗಿಯಾದಂತೆ ತೊಂದರೆಯೂ ಶುರುವಾಯಿತು. ಪ್ರತಿಯೊಬ್ಬರಿಗೂ ಸಿಗುವುದು ಕೆಲವೇ ಪದಗಳ ಜಾಗ. ಅದರಲ್ಲಿ ಅಡ್ಡಹೆಸರು, ಮೊದಲಕ್ಷರ, ಮೂರು ಜನಕ್ಕಷ್ಟೇ ತಿಳಿಯುವ ಸಂಕೇತ. ಸಂಪಾದಕರಾದ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕ ಶಿಕ್ಷಕರಿಗೂ ಅರ್ಥವಾಗದ ಸಾಲುಗಳು ಅಚ್ಚಾಗಿ, ಮನೆಗೆ ಹೋದ ಮೇಲೆ ಅದರೊಳಗೆ ಕುಡಿತದ್ದೋ ಮಾದಕವಸ್ತುವಿನದ್ದೋ ಒಬ್ಬ ಹುಡುಗಿಯ ಖಾಸಗಿ ಬದುಕಿನದ್ದೋ ಸುಳಿವಿದೆಯೆಂದು ಬಯಲಾಗುವುದುಂಟು. ಹಾಗಾಗಿ ಅನೇಕ ಶಾಲೆಗಳು ಇದನ್ನು ಕೈಬಿಟ್ಟಿವೆ. ಇಯರ್‌ಬುಕ್ ಮಾರ್ಗದರ್ಶಕರಲ್ಲಿ ಬಹಳ ಜನ ಇಂದಿಗೂ ಇದನ್ನು ಒಪ್ಪುವುದಿಲ್ಲ, ಅವರ ಹಿಂಜರಿಕೆಗೆ ಕಾರಣವಿದೆ. ವಾರ್ತಾಪತ್ರಿಕೆ ಕಸದ ಬುಟ್ಟಿಗೆ ಹೋಗುತ್ತದೆ, ಇಯರ್‌ಬುಕ್ ನಲವತ್ತು ವರ್ಷ ಕಪಾಟಿನಲ್ಲಿರುತ್ತದೆ.

ಕಾನೂನಿನ ಕಡೆಯಿಂದ ನಿಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. 1988ರ ಹೇಝಲ್‌ವುಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಾಲೆಯೇ ನಡೆಸುವ ಪತ್ರಿಕೆಯಲ್ಲಿ ಏನಿರಬೇಕೆಂದು ಶೈಕ್ಷಣಿಕ ಕಾರಣಗಳಿಗಾಗಿ ತೀರ್ಮಾನಿಸುವ ಅಧಿಕಾರ ಶಾಲೆಯ ಆಡಳಿತಕ್ಕಿದೆ ಎಂದಿತು. ನ್ಯೂಜೆರ್ಸಿ 2021ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿ ವಿದ್ಯಾರ್ಥಿ ಪತ್ರಕರ್ತರಿಗೆ ಇದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿದೆ, ಆದರೆ ಮಾನಹಾನಿ ಮತ್ತು ಖಾಸಗಿತನದ ಉಲ್ಲಂಘನೆಗೆ ಅದರ ರಕ್ಷಣೆ ಇಲ್ಲ. ಇದಕ್ಕಿಂತ ಮುಖ್ಯವಾದುದು ನಿಮ್ಮ ರಾಜ್ಯದ 2011ರ ಪೀಡನೆ ವಿರೋಧಿ ಕಾನೂನು. ಜನಾಂಗ, ಬಣ್ಣ, ಮೂಲದೇಶ ಮುಂತಾದ ಗುರುತಿನ ಕಾರಣಕ್ಕೆ ವಿದ್ಯಾರ್ಥಿಯೊಬ್ಬನನ್ನು ಅವಮಾನಿಸುವ ಬರಹ ಒಂದೇ ಒಂದು ಸಲ ಬಂದರೂ ಅದು ಈ ಕಾನೂನಿನ ವ್ಯಾಪ್ತಿಗೆ ಬರಬಹುದು. ದೂರು ಬಂದ ಒಂದು ಶಾಲಾ ದಿನದೊಳಗೆ ಶಾಲೆ ತನಿಖೆ ಆರಂಭಿಸಬೇಕು. ಕಾಲೇಜಿನ ಪ್ರವೇಶ ಪತ್ರ ಕೈಯಲ್ಲಿರುವ ಹುಡುಗನಿಗೆ ಮೇ ತಿಂಗಳಲ್ಲಿ ಶಿಸ್ತುಕ್ರಮವಾದರೆ ಅದು ಆ ಕಾಲೇಜಿನವರೆಗೂ ಮುಟ್ಟುವ ಸಾಧ್ಯತೆಯಿದೆ.

ನೀವು ಕರ್ನಾಟಕದ ಕಾಲೇಜಿನಲ್ಲಿ ಓದಿದವರಾದರೆ ಕಾಲೇಜ್ ಡೇ ದಿನದ ಫಿಶ್‌ಪಾಂಡ್ ನೆನಪಿರಬಹುದು. ವಾರ ಮೊದಲೇ ಒಂದು ಡಬ್ಬ ಇಡುತ್ತಾರೆ, ಯಾರು ಬೇಕಾದರೂ ಯಾರ ಹೆಸರಿಗಾದರೂ ಒಂದು ಚೀಟಿ ಬರೆದು ಹಾಕಬಹುದು, ನಿರೂಪಕರು ಅವನ್ನು ವೇದಿಕೆಯ ಮೇಲೆ ಒಂದೊಂದಾಗಿ ಎತ್ತಿ ಓದುತ್ತಾರೆ. ಸಿನಿಮಾ ಹಾಡಿನ ಅರ್ಧ ಸಾಲು, ಒಂದು ಬಿರುದು, ಕೆಲವೊಮ್ಮೆ ಒಂದು ಬಾಚಣಿಗೆ ಅಥವಾ ಹಾಲಿನ ಬಾಟಲಿಯ ಉಡುಗೊರೆ. ಸಭೆ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ. ಆದರೆ ಮೈಬಣ್ಣ, ಗಾತ್ರ, ಉಗ್ಗು, ಇಲ್ಲದ ಪ್ರೇಮ ಪ್ರಕರಣ, ಇವುಗಳನ್ನು ಕುರಿತ ಚೀಟಿ ಬಂದಾಗ ತಲೆ ತಗ್ಗಿಸಿ ಕೂತ ಹುಡುಗಿಗೆ, ಇದನ್ನು ಬರೆದವರು ಯಾರೆಂದು ತಿಳಿಯುವ ದಾರಿಯೇ ಇರುವುದಿಲ್ಲ. ನಮ್ಮ ಫಿಶ್‌ಪಾಂಡಿಗಿಂತ ಅಮೆರಿಕದ ಉಯಿಲು ನನಗೆ ಮೇಲಾಗಿ ಕಾಣುವುದು ಇದೇ ಕಾರಣಕ್ಕೆ. ಅಲ್ಲಿ ಬರೆದವನು ರುಜು ಹಾಕುತ್ತಾನೆ. ಅಷ್ಟೇ ಅಲ್ಲ, ಕೊಡಬೇಕಾದರೆ ಮೊದಲು ತನ್ನಲ್ಲಿರಬೇಕು ಎಂಬ ಕಟ್ಟು ಆ ಪ್ರಕಾರದೊಳಗೇ ಇದೆ. ಉಯಿಲಿನಲ್ಲಿ ಪರರ ಸ್ವತ್ತನ್ನು ಹಂಚಲು ಬರುವುದಿಲ್ಲ, ಪರರ ಕುಂದನ್ನೂ ಅಷ್ಟೆ. ತನ್ನ ಕುಂದನ್ನು ತಾನೇ ಒಪ್ಪಿಕೊಂಡು, ‘ಇದು ನನ್ನಲ್ಲಿ ಧಾರಾಳವಾಗಿತ್ತು, ಇನ್ನು ನಿನಗಿರಲಿ’ ಎನ್ನುವಾಗ ನಗು ಮೊದಲು ಬರೆದವನ ಕಡೆಗೆ ಹರಿಯುತ್ತದೆ.

ಈ ಅಳತೆಯಿಂದ ನಿಮ್ಮ ಮಗನ ಮೊದಲ ಸಾಲು ಚೆನ್ನಾಗಿದೆ. ತಡವಾಗಿ ಬರುತ್ತಿದ್ದವನು ತಾನೇ, ಆ ವಿದ್ಯೆ ಅವನದೇ, ಗೆಳೆಯನಿಗೆ ಅದರಿಂದ ಅವಮಾನವಿಲ್ಲ. ಯಾವ ಶಿಕ್ಷಕರ ಕಣ್ಣು ತಪ್ಪಿಸಿದನೆಂದು ಹೆಸರಿಸದಿದ್ದರೆ ಸಾಕು.

ಎರಡನೆಯದು ನಾಜೂಕಾದುದು. ದೊಡ್ಡ ಗಂಟಲು ಅವನದೇ, ಅದನ್ನು ಮಾತಾಡದ ಹುಡುಗಿಗೆ ಕೊಡುವುದು ಹಂದಿಮರಿ ಕಿವುಡರಿಗೆ ಕಿವಿ ಕೊಟ್ಟಂತೆ ಕಾಣುತ್ತದೆ. ಆದರೆ ಆ ಬರಹದಲ್ಲಿ ಕಿವುಡರು ಯಾರೋ ಎಲ್ಲೋ ಇರುವವರು. ಇಲ್ಲಿ ಒಂದು ಹೆಸರಿದೆ, ಆ ಹೆಸರಿನವಳು ಅದನ್ನು ನೂರಾರು ಜನರ ಜೊತೆ ಓದುತ್ತಾಳೆ. ಮಾತು ಕಡಿಮೆಯಾಗಿರುವುದು ಅವಳ ಸ್ವಭಾವವೋ ನೋವೋ ನಿಮ್ಮ ಮಗನಿಗೆ ಗೊತ್ತಿದೆಯೇ ಎಂದು ಕೇಳಿ. ಅವಳ ಕೊರತೆಯನ್ನು ಹೇಳದೆ ಅವಳಲ್ಲಿರುವ ಗುಣವನ್ನು ಹಿಡಿದು ಬರೆಯುವಂತೆ ಹೇಳಿ. ಉದಾಹರಣೆಗೆ, ತಾನು ಒಂದು ಗಂಟೆ ಕೂಗಾಡಿದರೂ ಆಗದ ಕೆಲಸವನ್ನು ಒಂದೇ ನೋಟದಲ್ಲಿ ಮಾಡಿಸುತ್ತಿದ್ದವಳಿಗೆ, ಇನ್ನು ಮುಂದೆ ಬ್ಯಾಂಡ್ ಕೋಣೆಯಲ್ಲಿ ಯಾರೂ ಮುರಿಯದ ನಿಶ್ಶಬ್ದವನ್ನು ಬಿಟ್ಟುಹೋಗುತ್ತೇನೆ ಎಂದರೆ ಗದ್ದಲದ ಆರೋಪ ಅವನ ತಲೆಗೇ ಬರುತ್ತದೆ, ಹುಡುಗಿಗೆ ಗೌರವ ಸಿಗುತ್ತದೆ. ಆಮೇಲೂ ಅಚ್ಚಿಗೆ ಕೊಡುವ ಮುನ್ನ ಅವಳಿಗೆ ತೋರಿಸಬೇಕು. ಹೆಸರು ಬರುವ ಪ್ರತಿಯೊಬ್ಬರಿಗೂ ಮೊದಲೇ ತೋರಿಸಿ ಒಪ್ಪಿಗೆ ಪಡೆಯುವುದನ್ನು ಸಂಪಾದಕ ಮಂಡಳಿಯೇ ನಿಯಮ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅಚ್ಚರಿಯ ಸೊಗಸು ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಆ ನಷ್ಟ ಸಹಿಸುವಂಥದ್ದು.

ಮೂರನೆಯ ಸಾಲನ್ನು ತೆಗೆದುಹಾಕಲೇಬೇಕು. ಡಬ್ಬಿ ಅವನದಾಗಿರಬಹುದು, ಆದರೆ ಆ ಸಾಲು ಕೊಡುವುದು ಡಬ್ಬಿಯನ್ನಲ್ಲ, ಇನ್ನೊಬ್ಬನ ಮೈವಾಸನೆಯ ಆರೋಪವನ್ನು. ಅದರಲ್ಲೂ ಭಾರತೀಯ ಮಕ್ಕಳು ಅಮೆರಿಕದ ಶಾಲೆಗಳಲ್ಲಿ ಊಟದ ಡಬ್ಬಿಯ ಘಮದಿಂದ ಹಿಡಿದು ಮೈಬೆವರಿನವರೆಗೆ ಕೇಳಬೇಕಾಗಿ ಬರುವ ಹಳೆಯ ಹೀಯಾಳಿಕೆ ಇದು. ಅದನ್ನು ಬರೆಯುತ್ತಿರುವವನೂ ಭಾರತೀಯ ಹುಡುಗನೇ ಎಂಬುದು ನನಗೆ ಹೆಚ್ಚು ನೋವು ತಂದಿತು. ಬಹುಶಃ ಇಬ್ಬರೂ ಗೆಳೆಯರಿರಬಹುದು, ಒಬ್ಬರನ್ನೊಬ್ಬರು ಹಾಗೆ ಛೇಡಿಸಿ ನಗುವ ಸಲುಗೆಯೂ ಇರಬಹುದು. ಆ ಸಲುಗೆ ಅವರಿಬ್ಬರ ನಡುವಿನದು, ಓದುವ ಉಳಿದವರಿಗೆ ಅದು ಗೊತ್ತಿರುವುದಿಲ್ಲ. ಅವರ ಕೈಗೆ ಸಿಗುವುದು ಶಾಲೆಯ ಮುದ್ರೆಯಿರುವ ಒಂದು ಅಪಹಾಸ್ಯ, ಅದನ್ನು ಒಬ್ಬ ಭಾರತೀಯನೇ ಬರೆದಿದ್ದಾನೆಂಬ ಪರವಾನಗಿಯ ಸಮೇತ. ಇದನ್ನು ಮಗನಿಗೆ ನೇರವಾಗಿ ಹೇಳಿ. ಗದರಿ ಹಾಳೆ ಕಸಿದುಕೊಂಡರೆ ಅದೇ ಸಾಲು ಇನ್‌ಸ್ಟಾಗ್ರಾಮಿಗೆ ಹೋಗುತ್ತದೆ, ಅಲ್ಲಿ ತಿದ್ದುವ ಸಂಪಾದಕರಿಲ್ಲ. ‘ಈ ಸಾಲನ್ನು ಆ ಹುಡುಗನ ತಾಯಿಯ ಎದುರು ನಿಂತು ಗಟ್ಟಿಯಾಗಿ ಓದಬಲ್ಲೆಯಾ?’ ಎಂದು ಕೇಳಿ. ಹದಿನೇಳರ ಹುಡುಗರಿಗೆ ಉಪದೇಶಕ್ಕಿಂತ ಇಂಥ ಪ್ರಶ್ನೆ ಬೇಗ ತಾಗುತ್ತದೆ. ಅವರು ಹತ್ತಿರದ ಗೆಳೆಯರೇ ಆಗಿದ್ದರೆ ಇಬ್ಬರೂ ಸೇರಿ ಮಾಡಿದ ಯಾವುದಾದರೂ ಕಿತಾಪತಿಯಲ್ಲಿ ತನ್ನ ಪಾಲಿನ ತಪ್ಪನ್ನು ಅವನಿಗೆ ಬಿಟ್ಟುಹೋಗಲಿ; ಸಾಮಗ್ರಿಗೆ ಕೊರತೆಯಿರುವುದಿಲ್ಲ.

ಶಿಕ್ಷಕರ ಬಗ್ಗೆ ನೀವು ಕೇಳಿಲ್ಲ, ಆದರೂ ಅವರಿಗಾಗಿ ಒಂದು ಸಾಲು ಬರೆಯಲು ಹೇಳಿ. ಈ ಉಯಿಲುಗಳಲ್ಲಿ ಅವರಿಗೆ ಸಾಮಾನ್ಯವಾಗಿ ನೆಮ್ಮದಿ, ಒಡೆಯದ ಗಾಜು, ಶಾಂತವಾದ ಕೊನೆಯ ಪೀರಿಯಡ್ ಇಂಥವನ್ನು ಬಿಡುತ್ತಾರೆ, ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಶಿಕ್ಷಕರೂ ಇದ್ದಾರೆ.

ಇನ್ನು ಮ್ಯೂಟ್. ಟ್ರಂಪೆಟ್ಟಿನ ಬಾಯಿಗೆ ಸಿಕ್ಕಿಸಿ ಸದ್ದನ್ನು ತಗ್ಗಿಸುವ ಆ ಲೋಹದ ಶಂಕು ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತದೆ, ಬೆಲೆಯೂ ಬಹಳವಲ್ಲ. ಹಾಗಿದ್ದೂ ಅವನು ನೆಗ್ಗಿದ್ದನ್ನೇ ಕೊಡಬೇಕೆಂದು ಹಟ ಹಿಡಿದಿದ್ದಾನೆಂದರೆ, ಒಮ್ಮೆ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಬ್ಯಾಂಡುಗಳಲ್ಲಿ, ನಾಟಕ ತಂಡಗಳಲ್ಲಿ ಹೀಗೆ ಕೈಯಿಂದ ಕೈಗೆ ಬರುವ ಟೋಪಿ, ಅಂಗಿ, ಹಳೆಯ ಕೋಲುಗಳ ಒಳಮೈಯಲ್ಲಿ ಹಿಂದಿನ ವರ್ಷಗಳಲ್ಲಿ ಅದನ್ನು ಹೊಂದಿದ್ದವರ ಹೆಸರು, ಅವರು ಶಾಲೆ ಬಿಟ್ಟ ಇಸವಿ ಮಾರ್ಕರ್ ಪೆನ್ನಿನಲ್ಲಿ ಒಂದರ ಕೆಳಗೊಂದು ಬರೆದಿರುತ್ತದೆ. ಅವನಿಗೂ ಅದು ಒಬ್ಬ ಸೀನಿಯರ್‌ನಿಂದಲೇ ಬಂದಿರಬಹುದು. ಹಾಗಿದ್ದರೆ ಅದು ಅವನ ಸ್ವಂತ ವಸ್ತುವಲ್ಲ, ಅವನ ಪಾಳಿ ಮುಗಿದ ಮೇಲೆ ದಾಟಿಸಬೇಕಾದದ್ದು, ಹೊಸದು ಅದರ ಜಾಗಕ್ಕೆ ಬರಲಾರದು. ಇದ್ದಬದ್ದ ಹೆಸರುಗಳು ಅಳಿಸಿಹೋಗದ ಹಾಗೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ತನ್ನ ಹೆಸರನ್ನು ಅವುಗಳ ಕೆಳಗೆ ಬರೆದು ಕೊಡಲಿ. ನೆಗ್ಗನ್ನು ಮಾತ್ರ ತಟ್ಟಿ ಸರಿ ಮಾಡಿಸಲು ಹೋಗಬೇಡಿ. ಅದು ಯಾರ ಕಾಲದಲ್ಲಿ, ಹೇಗೆ ಆಯಿತೆಂಬ ಕಥೆಯನ್ನೂ ಸೇರಿಸಿಯೇ ಅವನು ಆ ಹುಡುಗನಿಗೆ ಒಪ್ಪಿಸಬೇಕಾಗಿದೆ.